ಆರ್ ಪ್ಯಾಕೇಜಿನ ಹೆಲ್ಪರ್ ಫಂಕ್ಷನ್‌ಗಳಿಗೆ ಯಾವ ಟೆಸ್ಟ್ ಸಾಧನ? ಧಾರವಾಡ, ಗದಗ, ಹಾವೇರಿಯ ಡೇಟಾ ಇಟ್ಟುಕೊಂಡು ಒಂದು ಹೋಲಿಕೆ

ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಆರ್‌ನಲ್ಲಿ ಸ್ವಂತಕ್ಕೆ ಒಂದು ಪುಟ್ಟ ಪ್ಯಾಕೇಜ್ (ಫಂಕ್ಷನ್‌ಗಳ ಕಟ್ಟು) ಕಟ್ಟಿಕೊಂಡವರಿಗೆ ಈ ಬರಹ. ಧಾರವಾಡದಲ್ಲಿ ಕೂತು ಪ್ರಯೋಗದ ತಾಕುಗಳ ಇಳುವರಿ ಲೆಕ್ಕ ಹಾಕುವವರು, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಜೋಡಿಸುವವರು, ಗದಗ ಜಿಲ್ಲೆಯ ಮಳೆಯನ್ನು ತಾಲ್ಲೂಕುವಾರು ಬರೆದಿಡುವವರು, ಎಲ್ಲರ ಪ್ಯಾಕೇಜಿನ ಒಳಗೂ ಹೆಚ್ಚುಕಮ್ಮಿ ಒಂದೇ ಸಾಮಾನು ಇರುತ್ತದೆ. ರಿಗ್ರೆಶನ್, ಅನೋವಾದಂಥ ದೊಡ್ಡ ಲೆಕ್ಕವನ್ನು ಆರ್ ತಾನೇ ಮಾಡುತ್ತದೆ. ಆರ್‌ನ 1.0.0 ಆವೃತ್ತಿ ಬಂದದ್ದು 2000ದ ಫೆಬ್ರುವರಿ 29ರಂದು. ಅಂದಿನಿಂದ ಆ ಲೆಕ್ಕಗಳನ್ನು ಎಷ್ಟೋ ಜನ ತಿರುಗಿಸಿ ಮುರುಗಿಸಿ ನೋಡಿದ್ದಾರೆ. ನಾವು ಬರೆಯುವುದು ಅದರ ಸುತ್ತಲಿನ ಚಿಕ್ಕ ಫಂಕ್ಷನ್‌ಗಳನ್ನು. ಊರ ಹೆಸರು ಸರಿಮಾಡುವುದು, ತಾರೀಖು ನೋಡಿ ಮುಂಗಾರೋ ಹಿಂಗಾರೋ ಎಂದು ಗುರುತಿಸುವುದು, ದರದ ಸರಾಸರಿ ತೆಗೆಯುವುದು. ಇವೇ ಹೆಲ್ಪರ್ ಫಂಕ್ಷನ್‌ಗಳು. ಇವನ್ನು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಪರೀಕ್ಷಿಸಿರುವುದಿಲ್ಲ. ಇವು ಹಾದಿ ತಪ್ಪಿದಾಗ ಬಹಳ ಸಲ ಎರರ್ ಕೂಡ ಬರುವುದಿಲ್ಲ. ತಪ್ಪು ಸಂಖ್ಯೆ ಸುಮ್ನೆ ಮುಂದೆ ಹೋಗಿ ಪ್ರಬಂಧದ ಕೋಷ್ಟಕದಲ್ಲಿ ಕೂತುಬಿಡುತ್ತದೆ.

ಅದಕ್ಕೇ ಯುನಿಟ್ ಟೆಸ್ಟ್, ಅಂದರೆ ಒಂದೊಂದು ಫಂಕ್ಷನ್ ಕೊಡುವ ಉತ್ತರವನ್ನು ಬರಬೇಕಾದ ಉತ್ತರಕ್ಕೆ ಹೋಲಿಸಿ ನೋಡುವ ಪುಟ್ಟ ಕೋಡ್. ಆರ್‌ನಲ್ಲಿ ಇದಕ್ಕೆ ಮುಖ್ಯವಾಗಿ ನಾಲ್ಕು ದಾರಿ ಇವೆ: ಆರ್‌ನ ಜೊತೆಗೇ ಬರುವ ಸ್ಟಾಪ್‌ಇಫ್‌ನಾಟ್, ಟೈನಿಟೆಸ್ಟ್, ಟೆಸ್ಟ್‌ದ್ಯಾಟ್, ಮತ್ತು ಹಳೆಯ ಆರ್‌ಯುನಿಟ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಬ್ಬರೋ ಇಬ್ಬರೋ ನೋಡಿಕೊಳ್ಳುವ, ಬೇರೆ ಊರಿನ ಕಂಪ್ಯೂಟರಿನಲ್ಲಿ ಓಡಬೇಕಾದ ಸಣ್ಣ ಪ್ಯಾಕೇಜಿಗೆ ಟೈನಿಟೆಸ್ಟ್ ಒಳ್ಳೆಯದು. ನಾಲ್ಕಾರು ಜನ ಸೇರಿ ಬೆಳೆಸುವ, ಬಳಕೆದಾರರಿಗೆ ತುಂಬಾ ಸಂದೇಶ ತೋರಿಸುವ ಪ್ಯಾಕೇಜಿಗೆ ಟೆಸ್ಟ್‌ದ್ಯಾಟ್. ಇನ್ನೂ ಪ್ಯಾಕೇಜ್ ಆಗದ ಸ್ಕ್ರಿಪ್ಟಿಗೆ ಸ್ಟಾಪ್‌ಇಫ್‌ನಾಟ್ ಸಾಕು. ಕಾರಣಗಳು ಮುಂದಿವೆ.

ಅಳೆದು ನೋಡಲು ಮೂರು ಫಂಕ್ಷನ್

ಬರೀ ಸಾಧನಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮ್ಮ ಮೂರು ಜಿಲ್ಲೆಗಳ ಡೇಟಾ ಮುಟ್ಟಿದವರಿಗೆ ಎದುರಾಗುವ ಮೂರು ಹೆಲ್ಪರ್‌ಗಳನ್ನು ಜೊತೆಗೆ ಇಟ್ಟುಕೊಳ್ಳೋಣ.

ಮೊದಲನೆಯದು ಊರ ಹೆಸರು ಸರಿಮಾಡುವ ಫಂಕ್ಷನ್. 2014ರ ನವೆಂಬರ್ 1ರಂದು ಇಂಗ್ಲಿಷಿನ ಹುಬ್ಲಿ ಅಧಿಕೃತವಾಗಿ ಹುಬ್ಬಳ್ಳಿ ಆಯಿತು. ಹಾಗಾಗಿ ಹಳೆಯ ಫೈಲುಗಳಲ್ಲಿ ಒಂದು ಸ್ಪೆಲ್ಲಿಂಗ್, ಹೊಸದರಲ್ಲಿ ಇನ್ನೊಂದು. ಜೊತೆಗೆ ಹುಬ್ಬಳ್ಳಿ ತಾಲ್ಲೂಕು ಬೇರೆ, ಹುಬ್ಬಳ್ಳಿ ನಗರ ತಾಲ್ಲೂಕು ಬೇರೆ. ಹೆಸರಿನ ಒಂದು ತುಂಡು ಸಿಕ್ಕರೆ ಸಾಕು ಎಂದು ಹುಡುಕುವ ಫಂಕ್ಷನ್ ಇವೆರಡನ್ನೂ ಕಲಸಿಬಿಡುತ್ತದೆ. ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ತೊಡಕು. ಗದಗ ಜಿಲ್ಲೆಯ ರೋಣವನ್ನೇ ತೆಗೆದುಕೊಳ್ಳಿ. ಅದರ ಓಕಾರದ ಚಿಹ್ನೆ ಯುನಿಕೋಡ್‌ನಲ್ಲಿ ಒಂದೇ ಕೋಡ್ ಆಗಿ ಬರಬಹುದು, ಮೂರು ತುಂಡು ಕೂಡಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ. ಆರ್‌ನ ಲೆಕ್ಕದಲ್ಲಿ ಎರಡೂ ಬೇರೆ ಪದ. ಮಳೆಯ ಕೋಷ್ಟಕವನ್ನು ಬೆಳೆಯ ಕೋಷ್ಟಕಕ್ಕೆ ಜೋಡಿಸುವಾಗ ರೋಣದ ಸಾಲು ಮಾಯವಾಗುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಸ್ಟ್ರಿಂಗಿ ಪ್ಯಾಕೇಜಿನಲ್ಲಿರುವ ಎನ್‌ಎಫ್‌ಸಿ ಫಂಕ್ಷನ್ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಅದನ್ನು ನಮ್ಮ ಹೆಲ್ಪರ್ ನಿಜವಾಗಿ ಕರೆಯುತ್ತಿದೆಯಾ ಎಂದು ಟೆಸ್ಟ್ ನೋಡಬೇಕು. ಕನ್ನಡ ಅಂಕಿಗಳೂ ಹಾಗೇ. ೧೨ ಎಂದು ಬರೆದ ಕೋಶವನ್ನು ಸಂಖ್ಯೆಯಾಗಿ ಓದಲು ಹೇಳಿದರೆ ಆರ್ ಅದನ್ನು ಎನ್ಎ (ಮೌಲ್ಯ ಇಲ್ಲ ಎಂಬ ಗುರುತು) ಮಾಡಿ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ.

ಎರಡನೆಯದು ತಾಲ್ಲೂಕು ಮತ್ತು ತಾರೀಖು ಕೊಟ್ಟರೆ ಜಿಲ್ಲೆ ಹೇಳುವ ಫಂಕ್ಷನ್. ಗದಗ ಮತ್ತು ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾದವು. 1990ರ ಮಳೆ ದಾಖಲೆಯಲ್ಲಿ ರಾಣೆಬೆನ್ನೂರು ಇರುವುದು ಧಾರವಾಡ ಜಿಲ್ಲೆಯಲ್ಲಿ. 2010ರಲ್ಲಿ ಅದೇ ರಾಣೆಬೆನ್ನೂರು ಹಾವೇರಿಯಲ್ಲಿ. ಇದನ್ನು ನೋಡಿಕೊಳ್ಳದೆ ಜಿಲ್ಲಾವಾರು ಗ್ರಾಫ್ ಹಾಕಿದರೆ ಧಾರವಾಡದ ಬಿತ್ತನೆ ಕ್ಷೇತ್ರ ಒಂದೇ ವರ್ಷದಲ್ಲಿ ಕುಸಿದಂತೆ ಕಾಣುತ್ತದೆ. ಇಲ್ಲಿ ಟೆಸ್ಟ್ ಬರೆಯಬೇಕಾದದ್ದು ಗಡಿಯ ಮೇಲೆ: 1996ರ ಒಂದು ದಿನ, 1998ರ ಒಂದು ದಿನ, ಮತ್ತು 1997ರ ಒಳಗೇ ಹಿಂದೆ ಮುಂದೆ ಒಂದೊಂದು ದಿನ. ವರ್ಷ ಮಾತ್ರ ಕೊಟ್ಟು 1997 ಎಂದರೆ ಫಂಕ್ಷನ್ ಏನು ಮಾಡಬೇಕು ಅನ್ನುವುದನ್ನು ಈ ಟೆಸ್ಟ್ ಬರೆಯುವಾಗಲೇ ನೀವು ತೀರ್ಮಾನಿಸಬೇಕಾಗುತ್ತದೆ. ಅದು ಒಳ್ಳೆಯದೇ. ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ, ಅಣ್ಣಿಗೇರಿ, ಅಳ್ನಾವರದಂಥ ಹೊಸ ತಾಲ್ಲೂಕುಗಳಿಗೂ ಇದೇ ಮಾತು. ಹಳೆಯ ಫೈಲಿನಲ್ಲಿ ಅವು ಇರುವುದೇ ಇಲ್ಲ.

ಮೂರನೆಯದು ಆವಕದ ತೂಕ ಹಿಡಿದು ಸರಾಸರಿ ದರ ತೆಗೆಯುವ ಫಂಕ್ಷನ್. ಲೆಕ್ಕಕ್ಕೆ ಎರಡು ಲಾಟು ಅಂದುಕೊಳ್ಳಿ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಯ ಮೆಣಸಿನಕಾಯಿ: 10 ಕ್ವಿಂಟಲ್ ಕಡ್ಡಿ ಕ್ವಿಂಟಲಿಗೆ 20,000 ರೂಪಾಯಿಯಂತೆ, 5 ಕ್ವಿಂಟಲ್ ಡಬ್ಬಿ ಕ್ವಿಂಟಲಿಗೆ 26,000 ರೂಪಾಯಿಯಂತೆ. ತೂಕ ಹಿಡಿದರೆ ಸರಾಸರಿ 22,000. ತೂಕ ಬಿಟ್ಟರೆ 23,000. ಕಾಗದದ ಮೇಲೆ ಒಂದು ನಿಮಿಷದಲ್ಲಿ ಆಗುವ ಲೆಕ್ಕ ಇದು, ಟೆಸ್ಟಿಗೆ ಇಂಥದ್ದೇ ಬೇಕು. ಈಗ ಇನ್ನೊಂದು ಲಾಟು ಸೇರಿಸಿ, ಅದರ ದರ ಇದೆ, ಆವಕ ಬರೆದಿಲ್ಲ. ಆರ್‌ನ ವೆಯ್ಟೆಡ್ ಮೀನ್ ಫಂಕ್ಷನ್‌ಗೆ ಎನ್ಎ ತೆಗೆದುಹಾಕು ಎಂದು ಹೇಳಿದರೂ ಅದು ದರದ ಕಡೆಯ ಎನ್ಎ ಮಾತ್ರ ತೆಗೆಯುತ್ತದೆ. ತೂಕದ ಕಡೆ ಎನ್ಎ ಇದ್ದರೆ ಉತ್ತರವೂ ಎನ್ಎ. ಇದು ಆರ್‌ನ ಕೈಪಿಡಿಯಲ್ಲೇ ಬರೆದಿರುವ ನಡೆ. ಆದರೆ ಬಹಳ ಜನ ಅದನ್ನು ಟೆಸ್ಟ್ ಬರೆದಾಗಲೇ ಮೊದಲು ನೋಡುವುದು.

ಸ್ಟಾಪ್‌ಇಫ್‌ನಾಟ್: ಏನನ್ನೂ ಇನ್‌ಸ್ಟಾಲ್ ಮಾಡದೆ

ಪ್ಯಾಕೇಜಿನ ಒಳಗೆ ಟೆಸ್ಟ್ಸ್ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಆರ್ ಸ್ಕ್ರಿಪ್ಟ್ ಇಟ್ಟರೆ ಸಾಕು. ಪ್ಯಾಕೇಜನ್ನು ತಪಾಸಣೆ ಮಾಡುವ ಆರ್ ಸಿಎಮ್‌ಡಿ ಚೆಕ್ ಆಜ್ಞೆ ಓಡಿಸಿದಾಗ ಅವೆಲ್ಲ ತಾವಾಗಿ ಓಡುತ್ತವೆ. ಒಂದು ಸ್ಕ್ರಿಪ್ಟಿನಲ್ಲಿ ಎರರ್ ಬಂದರೆ ಚೆಕ್ ಅಲ್ಲೇ ಸೋಲುತ್ತದೆ. ಸ್ಟಾಪ್‌ಇಫ್‌ನಾಟ್ ಮಾಡುವುದು ಇಷ್ಟೇ, ಕೊಟ್ಟ ಷರತ್ತು ನಿಜ ಆಗದಿದ್ದರೆ ಎರರ್ ಎಸೆಯುವುದು. ಅದರ ಒಳಗೆ ಆಲ್ ಈಕ್ವಲ್ ಹಾಕಿ ಎರಡು ಸಂಖ್ಯೆ ಹೋಲಿಸಬಹುದು. ಆರ್ 4.0.0ರಿಂದ ಪ್ರತಿ ಷರತ್ತಿಗೂ ಹೆಸರಿನ ಜಾಗದಲ್ಲಿ ನಮ್ಮದೇ ಸಂದೇಶ ಬರೆಯುವ ಅನುಕೂಲವೂ ಬಂದಿದೆ. ಎರರ್ ಬರಲೇಬೇಕಾದ ಕಡೆ ಬರುತ್ತದಾ ಎಂದು ನೋಡಲು ಟೂಲ್ಸ್ ಪ್ಯಾಕೇಜಿನಲ್ಲಿ ಅಸರ್ಟ್ ಎರರ್ ಇದೆ. ಅದೂ ಆರ್‌ನ ಜೊತೆಗೇ ಬರುತ್ತದೆ.

ತೊಂದರೆ ಎರಡು. ಮೊದಲ ಸೋಲಿನಲ್ಲೇ ಆ ಸ್ಕ್ರಿಪ್ಟ್ ನಿಂತುಬಿಡುತ್ತದೆ. ಊರ ಹೆಸರಿನ ಫಂಕ್ಷನ್‌ಗೆ ಇಪ್ಪತ್ತು ಹೆಸರು ಪರೀಕ್ಷಿಸುತ್ತಿದ್ದರೆ, ಮೂರನೆಯದು ಸೋತಾಗ ಉಳಿದ ಹದಿನೇಳರ ಕಥೆ ಗೊತ್ತಾಗುವುದಿಲ್ಲ. ಎರಡನೆಯದು, ಚೆಕ್ ತೋರಿಸುವುದು ಔಟ್‌ಪುಟ್‌ನ ಕೊನೆಯ 13 ಸಾಲು ಮಾತ್ರ. ಪೂರ್ತಿ ನೋಡಬೇಕು ಅಂದರೆ ಫೈಲು ಹುಡುಕಿ ತೆಗೆಯಬೇಕು.

ಔಟ್‌ಪುಟ್ ಅನ್ನು ಉಳಿಸಿಟ್ಟು ಹೋಲಿಸುವ ಇನ್ನೊಂದು ಹಳೆಯ ಪದ್ಧತಿಯೂ ಇದೆ. ಉಳಿಸಿದ ಫೈಲಿಗೂ ಹೊಸದಕ್ಕೂ ವ್ಯತ್ಯಾಸ ಇದ್ದರೆ ಆರ್ ತೋರಿಸುತ್ತದೆ, ಆದರೆ ಅದಕ್ಕಾಗಿ ಚೆಕ್ ಸೋಲುವುದಿಲ್ಲ. ಹೆಲ್ಪರ್ ಫಂಕ್ಷನ್‌ಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಸ್ಟಾಪ್‌ಇಫ್‌ನಾಟ್ ನಿಜವಾಗಿ ಹೊಳೆಯುವುದು ಬೇರೆ ಕಡೆ. ಎಮ್ಮೆಸ್ಸಿ ವಿದ್ಯಾರ್ಥಿ ಪ್ರಬಂಧಕ್ಕೆ ಬರೆದ ಉದ್ದನೆಯ ಸ್ಕ್ರಿಪ್ಟ್ ಇರುತ್ತದಲ್ಲ, ಅದರ ನಡುನಡುವೆ. ಕೋಷ್ಟಕ ಜೋಡಿಸಿದ ಕೂಡಲೇ ಸಾಲುಗಳ ಸಂಖ್ಯೆ ಬದಲಾಗಿಲ್ಲ ಎಂದು ಒಂದು ಸಾಲು, ಜಿಲ್ಲೆಯ ಕಾಲಂನಲ್ಲಿ ಎನ್ಎ ಇಲ್ಲ ಎಂದು ಇನ್ನೊಂದು. ರೋಣದ ಸಾಲು ಮಾಯವಾದದ್ದು ಆ ಕ್ಷಣವೇ ಗೊತ್ತಾಗುತ್ತದೆ.

ಟೈನಿಟೆಸ್ಟ್: ಟೆಸ್ಟ್‌ಗಳೂ ಪ್ಯಾಕೇಜಿನ ಜೊತೆ ಪ್ರಯಾಣ ಮಾಡುತ್ತವೆ

ಇದನ್ನು ಬರೆದವರು ಮಾರ್ಕ್ ವ್ಯಾನ್ ಡರ್ ಲೋ. ನೆದರ್‌ಲ್ಯಾಂಡ್ಸ್‌ನ ಸರ್ಕಾರಿ ಅಂಕಿಅಂಶ ಸಂಸ್ಥೆಯವರು. 2019ರಲ್ಲಿ ಆರ್ ಪ್ಯಾಕೇಜುಗಳ ಭಂಡಾರವಾದ ಕ್ರ್ಯಾನ್‌ಗೆ ಬಂತು. ಡೇಟಾ ಸ್ವಚ್ಛ ಮಾಡುವ ಕೆಲಸವನ್ನೇ ದಿನವೂ ಮಾಡುವವರು ಕಟ್ಟಿದ್ದು ಅನ್ನುವುದು ಬಳಸುವಾಗ ಗೊತ್ತಾಗುತ್ತದೆ.

ಇದಕ್ಕೆ ಆರ್‌ನ ಜೊತೆ ಬರುವ ಪ್ಯಾಕೇಜುಗಳನ್ನು ಬಿಟ್ಟರೆ ಬೇರೆ ಏನೂ ಬೇಡ. ಕಾಲೇಜಿನ ಲ್ಯಾಬಿನಲ್ಲಿ ನೆಟ್ ನಿಧಾನ ಇದ್ದರೆ, ಇಪ್ಪತ್ತು ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಬೇಕಿದ್ದರೆ ಇದು ಸಣ್ಣ ವಿಷಯ ಅಲ್ಲ. ಒಂದು ಫೈಲನ್ನು ಪೆನ್ ಡ್ರೈವ್‌ನಲ್ಲಿ ತಂದು ಹಾಕಿದರೂ ಆಯಿತು.

ಟೆಸ್ಟ್ ಫೈಲುಗಳು ಇನ್‌ಸ್ಟ್ ಎಂಬ ಫೋಲ್ಡರಿನ ಒಳಗೆ ಟೈನಿಟೆಸ್ಟ್ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಇನ್‌ಸ್ಟ್ ಒಳಗಿನದೆಲ್ಲ ಪ್ಯಾಕೇಜ್ ಇನ್‌ಸ್ಟಾಲ್ ಆದಾಗ ಬಳಕೆದಾರರ ಕಂಪ್ಯೂಟರಿಗೂ ಹೋಗುತ್ತದೆ. ನನ್ನ ಪ್ರಕಾರ ನಮ್ಮ ಕಡೆಯ ಕೆಲಸಕ್ಕೆ ಇದೇ ದೊಡ್ಡ ಲಾಭ. ಪ್ಯಾಕೇಜ್ ಬರೆದವರು ಧಾರವಾಡದಲ್ಲಿ, ಬಳಸುವವರು ಹಾವೇರಿಯಲ್ಲಿ ಅಥವಾ ಮುಂಡರಗಿಯಲ್ಲಿ. ಅವರ ಆರ್ ಆವೃತ್ತಿ ಬೇರೆ, ವಿಂಡೋಸ್ ಬೇರೆ, ಭಾಷೆಯ ಸೆಟ್ಟಿಂಗ್ ಬೇರೆ. 'ನಿಮ್ಮ ಫಂಕ್ಷನ್ ಹೆಸರು ತಪ್ಪು ತೋರಿಸ್ತಿದೆ ಸರ್' ಎಂದು ಫೋನ್ ಬಂದಾಗ, ಒಂದು ಸಾಲು ಟೈಪ್ ಮಾಡಲು ಹೇಳಿದರೆ ಅವರ ಕಂಪ್ಯೂಟರಿನಲ್ಲೇ ಎಲ್ಲ ಟೆಸ್ಟ್ ಓಡುತ್ತವೆ. ಯಾವುದು ಸೋತಿತು ಎಂಬ ಚಿತ್ರ ವಾಟ್ಸಾಪ್‌ನಲ್ಲಿ ಬರುತ್ತದೆ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಕನ್ನಡವೇ ಸಾಕ್ಷಿ. ವಿಂಡೋಸ್‌ನಲ್ಲಿ ಆರ್, ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್-8 ಅನ್ನು ತನ್ನ ಸಹಜ ಎನ್‌ಕೋಡಿಂಗ್ ಮಾಡಿಕೊಂಡದ್ದು 2022ರ 4.2.0 ಆವೃತ್ತಿಯಿಂದ, ಅದೂ ವಿಂಡೋಸ್ 10ರ ಇತ್ತೀಚಿನ ರೂಪಗಳ ಮೇಲೆ. ಅದಕ್ಕೂ ಹಳೆಯ ಆರ್ ಇರುವ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಕೋಡ್ ಸಂಖ್ಯೆಗಳ ಸಾಲು ಕಾಣಬಹುದು. ಲಿನಕ್ಸ್ ಮೇಲೆ ಬರೆದು ಪರೀಕ್ಷಿಸಿದವರಿಗೆ ಇದು ಎಂದೂ ಕಾಣುವುದಿಲ್ಲ. ಕಾಣುವುದು ಬಳಕೆದಾರರ ಪರದೆಯ ಮೇಲೆ.

ಬರೆಯುವ ರೀತಿಯೂ ಸರಳ. ಟೆಸ್ಟ್ ಫೈಲ್ ಅಂದರೆ ಸಾದಾ ಆರ್ ಸ್ಕ್ರಿಪ್ಟ್. ಎಕ್ಸ್‌ಪೆಕ್ಟ್ ಈಕ್ವಲ್, ಎಕ್ಸ್‌ಪೆಕ್ಟ್ ಟ್ರೂ, ಎಕ್ಸ್‌ಪೆಕ್ಟ್ ಎರರ್ ಎಂದು ಸಾಲಾಗಿ ಬರೆದುಕೊಂಡು ಹೋಗಬಹುದು. ಒಂದು ಸೋತರೂ ಮುಂದಿನವು ಓಡುತ್ತವೆ. ಇಪ್ಪತ್ತು ಊರ ಹೆಸರಿನಲ್ಲಿ ಯಾವ ನಾಲ್ಕು ಸೋತವು ಎಂದು ಒಂದೇ ಸಲ ಸಿಗುತ್ತದೆ. ಫಲಿತಾಂಶವನ್ನು ಡೇಟಾ ಫ್ರೇಮ್ ಮಾಡಿಕೊಳ್ಳಬಹುದು. ಅಂಕಿಅಂಶದವರಿಗೆ ಇದು ಬಹಳ ಒಗ್ಗುತ್ತದೆ, ಸೋಲುಗಳನ್ನು ಫೈಲುವಾರು ಎಣಿಸಿ ಕೋಷ್ಟಕ ಮಾಡಬಹುದು. ಹೊತ್ತು ಹಿಡಿಯುವ ಟೆಸ್ಟ್‌ಗಳನ್ನು ಅಟ್ ಹೋಮ್ ಎಂಬ ಷರತ್ತಿನ ಒಳಗೆ ಹಾಕಿದರೆ ಅವು ಬರೆದವರ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತವೆ.

ಕೊರತೆಯೂ ಇದೆ. ಒಂದು ಫೈಲಿನ ಮೇಲಿನ ಸಾಲಿನಲ್ಲಿ ಮಾಡಿದ ವೇರಿಯಬಲ್ ಕೆಳಗಿನ ಸಾಲಿಗೂ ಹರಿದು ಬರುತ್ತದೆ. ದರದ ಟೆಸ್ಟಿಗೆ ಮಾಡಿದ ಪುಟ್ಟ ಕೋಷ್ಟಕವನ್ನು ನಡುವೆ ಯಾರೋ ತಿದ್ದಿದರೆ ಕೆಳಗಿನ ಟೆಸ್ಟ್‌ಗಳ ಅರ್ಥವೇ ಬದಲಾಗುತ್ತದೆ. ಪರಿಹಾರ ಸುಲಭ: ಒಂದು ಹೆಲ್ಪರ್‌ಗೆ ಒಂದು ಫೈಲು, ಫೈಲು ಚಿಕ್ಕದಾಗಿರಲಿ.

ಟೆಸ್ಟ್‌ದ್ಯಾಟ್: ಜಾಸ್ತಿ ಜನ, ಜಾಸ್ತಿ ಸವಲತ್ತು

ಹ್ಯಾಡ್ಲಿ ವಿಕಮ್ ಅವರ ಟೆಸ್ಟ್‌ದ್ಯಾಟ್ ಇವತ್ತು ಆರ್ ಲೋಕದಲ್ಲಿ ಎಲ್ಲರಿಗೂ ಪರಿಚಿತ. ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಹೆಚ್ಚಿನವು ಇದರ ಮೇಲೇ. 2020ರಲ್ಲಿ ಬಂದ 3.0.0 ಆವೃತ್ತಿಯ ಜೊತೆ 'ಮೂರನೇ ಎಡಿಶನ್' ಎಂಬ ಹೊಸ ನಡೆ ಬಂತು. ಹೊಸದಾಗಿ ಶುರುಮಾಡುವವರು ಅದನ್ನೇ ಆನ್ ಮಾಡಿಕೊಳ್ಳಿ. ಹಳೆಯ ಪಾಠಗಳಲ್ಲಿ ಕಾಣುವ ಕಾಂಟೆಕ್ಸ್ಟ್ ಫಂಕ್ಷನ್‌ಗೆ ಈಗ ಜಾಗ ಇಲ್ಲ.

ಇದರಲ್ಲಿ ಪ್ರತಿ ಟೆಸ್ಟೂ ಒಂದು ವಿವರಣೆ ಇರುವ ಬ್ಲಾಕ್. ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು: 'ಆವಕ ಇಲ್ಲದ ಲಾಟನ್ನು ಲೆಕ್ಕದಿಂದ ಬಿಡಬೇಕು' ಅಂತ. ಮುಂದಿನ ವರ್ಷ ಬರುವ ವಿದ್ಯಾರ್ಥಿ ಟೆಸ್ಟ್ ಫೈಲು ಓದಿದರೆ ಫಂಕ್ಷನ್ ಏನು ಮಾಡಬೇಕೆಂದು ತಿಳಿಯುತ್ತದೆ. ಸಂಶೋಧನಾ ಗುಂಪುಗಳಲ್ಲಿ ಬರೆದವರು ಪದವಿ ಮುಗಿಸಿ ಹೋಗುತ್ತಾರೆ, ಕೋಡ್ ಉಳಿಯುತ್ತದೆ. ಅಂಥ ಕಡೆ ಇದರ ಬೆಲೆ ದೊಡ್ಡದು. ಬ್ಲಾಕಿನ ಒಳಗೆ ಮಾಡಿದ ವೇರಿಯಬಲ್ ಹೊರಗೆ ಹರಿಯುವುದಿಲ್ಲ ಅನ್ನುವುದು ಇನ್ನೊಂದು ನೆಮ್ಮದಿ.

ಹೆಲ್ಪರ್ ಫಂಕ್ಷನ್‌ಗಳ ವಿಷಯದಲ್ಲಿ ಒಂದು ದೊಡ್ಡ ಅನುಕೂಲ ಇಲ್ಲಿದೆ. ಹೆಲ್ಪರ್‌ಗಳನ್ನು ನಾವು ಸಾಮಾನ್ಯವಾಗಿ ಎಕ್ಸ್‌ಪೋರ್ಟ್ ಮಾಡುವುದಿಲ್ಲ, ಅವು ಪ್ಯಾಕೇಜಿನ ಒಳಮನೆಯಲ್ಲೇ ಇರುತ್ತವೆ. ಟೆಸ್ಟ್‌ದ್ಯಾಟ್ ಟೆಸ್ಟ್‌ಗಳನ್ನು ಓಡಿಸುವುದೇ ಪ್ಯಾಕೇಜಿನ ಒಳಗಿನ ಹೆಸರುಗಳೆಲ್ಲ ಕಾಣುವ ಜಾಗದಲ್ಲಿ. ಹಾಗಾಗಿ ಒಳಗಿನ ಫಂಕ್ಷನ್ ಅನ್ನು ನೇರ ಹೆಸರು ಹಿಡಿದು ಕರೆಯಬಹುದು. ಸಾದಾ ಸ್ಕ್ರಿಪ್ಟಿನಲ್ಲಿ ಪ್ಯಾಕೇಜಿನ ಹೆಸರು, ಮೂರು ಕೋಲನ್, ಆಮೇಲೆ ಫಂಕ್ಷನ್ ಎಂದು ಬರೆಯಬೇಕು. ಟೈನಿಟೆಸ್ಟ್‌ನಲ್ಲೂ ಹೀಗೆ ಮೂರು ಕೋಲನ್ ಬರೆಯುವುದೇ ಖಚಿತ ದಾರಿ. ಟೆಸ್ಟ್ ಮಾಡಬೇಕು ಅನ್ನುವ ಒಂದೇ ಕಾರಣಕ್ಕೆ ಹೆಲ್ಪರ್ ಅನ್ನು ಎಕ್ಸ್‌ಪೋರ್ಟ್ ಮಾಡಬೇಡಿ. ಒಮ್ಮೆ ಹೊರಗೆ ಬಿಟ್ಟರೆ ಯಾರೋ ಅದನ್ನು ಬಳಸಲು ಶುರು ಮಾಡುತ್ತಾರೆ, ಆಮೇಲೆ ಬದಲಿಸುವುದು ಕಷ್ಟ.

ಹಲವು ಟೆಸ್ಟ್ ಫೈಲುಗಳಿಗೆ ಬೇಕಾಗುವ ಪುಟ್ಟ ಡೇಟಾ ಎಲ್ಲಿಡಬೇಕು ಅನ್ನುವುದಕ್ಕೂ ಇಲ್ಲಿ ಉತ್ತರ ಇದೆ. ಟೆಸ್ಟ್ ಫೋಲ್ಡರಿನಲ್ಲಿ ಹೆಲ್ಪರ್ ಎಂಬ ಪದದಿಂದ ಶುರುವಾಗುವ ಹೆಸರಿನ ಫೈಲುಗಳನ್ನು ಟೆಸ್ಟ್‌ದ್ಯಾಟ್ ಮೊದಲು ಓದುತ್ತದೆ. ಮೂರು ಜಿಲ್ಲೆಯ ತಾಲ್ಲೂಕುಗಳ ಚಿಕ್ಕ ಕೋಷ್ಟಕವನ್ನು ಅಲ್ಲಿ ಒಮ್ಮೆ ಬರೆದರೆ ಎಲ್ಲ ಟೆಸ್ಟಿಗೂ ಸಿಗುತ್ತದೆ. ಪ್ಯಾಕೇಜ್ ಕಟ್ಟಲು ಬಳಸುವ ಡೆವ್‌ಟೂಲ್ಸ್‌ನಿಂದ ನಮ್ಮ ಪ್ಯಾಕೇಜ್ ಲೋಡ್ ಮಾಡಿದಾಗಲೂ ಆ ಫೈಲು ಓದಲಾಗುತ್ತದೆ, ಆದ್ದರಿಂದ ಕೈಯಾರೆ ಪ್ರಯತ್ನಿಸಿ ನೋಡುವಾಗಲೂ ಅದು ಎದುರಿಗಿರುತ್ತದೆ.

ಸೋಲಿನ ಸಂದೇಶಗಳು ಟೆಸ್ಟ್‌ದ್ಯಾಟ್‌ನಲ್ಲಿ ಬಹಳ ಚೆನ್ನಾಗಿವೆ. ಮೂರನೇ ಎಡಿಶನ್‌ನಲ್ಲಿ ಹೋಲಿಕೆ ಮಾಡುವುದು ವಾಲ್ಡೋ ಎಂಬ ಪ್ಯಾಕೇಜ್. ಎರಡು ಉದ್ದ ಪಟ್ಟಿಗಳ ನಡುವೆ ಎಲ್ಲಿ ವ್ಯತ್ಯಾಸ ಇದೆ ಎಂದು ಆ ಜಾಗವನ್ನೇ ತೋರಿಸುತ್ತದೆ. ಕೋಷ್ಟಕ ಕೊಡುವ ಹೆಲ್ಪರ್‌ಗಳಿದ್ದರೆ ಈ ಒಂದೇ ಕಾರಣಕ್ಕೆ ಇದನ್ನು ಆರಿಸಬಹುದು.

ಸ್ನ್ಯಾಪ್‌ಶಾಟ್ ಟೆಸ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫಂಕ್ಷನ್ ಕೊಟ್ಟ ಔಟ್‌ಪುಟ್ ಅನ್ನು ಮೊದಲ ಸಲ ಒಂದು ಪಠ್ಯ ಫೈಲಿನಲ್ಲಿ ಉಳಿಸಿ, ಮುಂದೆ ಅದಕ್ಕೇ ಹೋಲಿಸುವ ವಿಧಾನ ಇದು. ಎರರ್ ಸಂದೇಶ, ಮುದ್ರಿತ ಕೋಷ್ಟಕದ ರೂಪ, ಇವುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 'ಈ ತಾಲ್ಲೂಕು ಪಟ್ಟಿಯಲ್ಲಿ ಇಲ್ಲ' ಎಂಬ ಸಂದೇಶದ ಪದಗಳು ಬದಲಾದರೆ ತಕ್ಷಣ ಕಾಣುತ್ತದೆ. ಆದರೆ ಸಂಖ್ಯೆಗಳಿಗೆ ಸ್ನ್ಯಾಪ್‌ಶಾಟ್ ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ. ಮೊದಲ ದಿನ ಫಂಕ್ಷನ್ 22,000ದ ಬದಲು 23,000 ಕೊಟ್ಟಿದ್ದರೆ ಸ್ನ್ಯಾಪ್‌ಶಾಟ್ ಅದನ್ನೇ ಸರಿ ಎಂದು ಇಟ್ಟುಕೊಳ್ಳುತ್ತದೆ. ಆಮೇಲೆ ಯಾರಾದರೂ ಫಂಕ್ಷನ್ ಸರಿಮಾಡಿದರೆ ಟೆಸ್ಟ್ ಸೋಲುತ್ತದೆ! ಕ್ರ್ಯಾನ್‌ನ ಕಂಪ್ಯೂಟರುಗಳ ಮೇಲೆ ಸ್ನ್ಯಾಪ್‌ಶಾಟ್‌ಗಳು ತಾವಾಗಿ ಓಡುವುದೂ ಇಲ್ಲ ಎಂಬುದು ನೆನಪಿರಲಿ.

ಬೆಲೆ ಏನು? ಅವಲಂಬನೆ. ಟೆಸ್ಟ್‌ದ್ಯಾಟ್ ಜೊತೆ ಆರ್‌ಲ್ಯಾಂಗ್, ಸಿಎಲ್‌ಐ, ವಾಲ್ಡೋ, ವಿದರ್, ಪ್ರೊಸೆಸ್‌ಎಕ್ಸ್ ಹೀಗೆ ಹತ್ತಕ್ಕೂ ಹೆಚ್ಚು ಪ್ಯಾಕೇಜುಗಳು ಬರುತ್ತವೆ. ಕೆಲವನ್ನು ಲಿನಕ್ಸ್ ಮೇಲೆ ಸೋರ್ಸ್‌ನಿಂದ ಇನ್‌ಸ್ಟಾಲ್ ಮಾಡುವಾಗ ಕಂಪೈಲ್ ಮಾಡಬೇಕು. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಇದು ಏನೂ ಅನ್ನಿಸುವುದಿಲ್ಲ. ಹಳೆಯ ಕಂಪ್ಯೂಟರುಗಳ ಲ್ಯಾಬಿನಲ್ಲಿ ಅರ್ಧ ದಿನ ಹೋಗಬಹುದು.

ಆರ್‌ಯುನಿಟ್

ಇದು ಹಳೆಯದು. ಜೀವವಿಜ್ಞಾನದ ಡೇಟಾಕ್ಕೆಂದೇ ಇರುವ ಬಯೋಕಂಡಕ್ಟರ್ ಪ್ಯಾಕೇಜುಗಳಲ್ಲಿ ಇವತ್ತೂ ಕಾಣುತ್ತದೆ. ಜೀನೋಮ್ ಡೇಟಾದ ಪ್ಯಾಕೇಜೊಂದನ್ನು ಮುಂದುವರಿಸಲು ನಿಮಗೆ ಕೊಟ್ಟಿದ್ದು, ಅದರಲ್ಲಿ ಆರ್‌ಯುನಿಟ್ ಟೆಸ್ಟ್‌ಗಳು ಇದ್ದರೆ, ಕೆಲಸ ಮಾಡುತ್ತಿರುವುದನ್ನು ಕೀಳಬೇಡಿ. ಹೊಸದಾಗಿ ಇದನ್ನು ಆರಿಸಲು ಕಾರಣ ಕಾಣುವುದಿಲ್ಲ.

ಯಾವ ಸಾಧನ ಆರಿಸಿದರೂ ಎದುರಾಗುವ ಪ್ರಶ್ನೆ: ಸರಿ ಉತ್ತರ ಎಲ್ಲಿಂದ?

ನಾನು ಜಾಸ್ತಿ ತಲೆಕೆಡಿಸಿಕೊಳ್ಳುವುದು ಇದರ ಬಗ್ಗೆ. ಟೆಸ್ಟಿನಲ್ಲಿ 'ಉತ್ತರ ಇಷ್ಟು ಬರಬೇಕು' ಎಂದು ಬರೆಯುತ್ತೇವಲ್ಲ, ಆ 'ಇಷ್ಟು' ಎಲ್ಲಿಂದ ಬಂತು? ಫಂಕ್ಷನ್ ಅನ್ನೇ ಓಡಿಸಿ, ಬಂದ ಸಂಖ್ಯೆಯನ್ನು ನಕಲು ಮಾಡಿ ಹಾಕಿದರೆ ಅದು ಟೆಸ್ಟ್ ಅಲ್ಲ. ಕಾಗದದ ಮೇಲೆ ಮಾಡಿದ ಲೆಕ್ಕ ಎಲ್ಲಕ್ಕಿಂತ ಒಳ್ಳೆಯದು, ಮೇಲಿನ 22,000ದ ಹಾಗೆ. ಅದಕ್ಕಾಗಿ ಡೇಟಾ ಚಿಕ್ಕದಾಗಿ, ದುಂಡು ಸಂಖ್ಯೆಗಳಲ್ಲಿ ಇರಬೇಕು.

ಹೆಲ್ಪರ್ ಸ್ವಲ್ಪ ಗಣಿತದ್ದಾದರೆ ಅಮೆರಿಕದಲ್ಲಿ ಅಳತೆಯ ಮಾನದಂಡ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಸ್ಟ್ ಪ್ರಕಟಿಸಿರುವ ಪ್ರಮಾಣಿತ ಡೇಟಾ ಸೆಟ್‌ಗಳಿವೆ. ಸರಾಸರಿ, ಅನೋವಾ, ರಿಗ್ರೆಶನ್ ಲೆಕ್ಕಗಳಿಗೆ ಖಚಿತಪಡಿಸಿದ ಉತ್ತರಗಳನ್ನು ಜೊತೆಗೇ ಕೊಟ್ಟಿದ್ದಾರೆ. ಅದರಲ್ಲಿರುವ ಲಾಂಗ್ಲಿ ಡೇಟಾ ಆರ್‌ನಲ್ಲೂ ಇದೆ.

ಬೇರೆ ಸಾಫ್ಟ್‌ವೇರ್ ಜೊತೆ ಹೋಲಿಸುವುದಾದರೆ ಎಚ್ಚರ ಬೇಕು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಎಸ್‌ಪಿಎಸ್‌ಎಸ್ ಕಲಿಸುತ್ತಾರೆ, ಅದರ ಉತ್ತರವನ್ನೇ ಅಳತೆಗೋಲು ಮಾಡಿಕೊಳ್ಳುವುದು ಸಹಜ. ಆದರೆ 1, 2, 3, 4 ಎಂಬ ನಾಲ್ಕು ಸಂಖ್ಯೆಗಳ ಮೊದಲ ಕ್ವಾರ್ಟೈಲ್ (ಕೆಳಗಿನ ಕಾಲುಭಾಗದ ಗಡಿ) ಕೇಳಿ. ಆರ್ 1.75 ಅನ್ನುತ್ತದೆ, ಎಸ್‌ಪಿಎಸ್‌ಎಸ್ ಬಳಸುವ ಸೂತ್ರದಲ್ಲಿ 1.25 ಬರುತ್ತದೆ. ಎರಡೂ ಸರಿ. ಕ್ವಾಂಟೈಲ್ ತೆಗೆಯಲು ಆರ್‌ನಲ್ಲಿ 9 ವಿಧ ಇವೆ. ತಾನಾಗಿ ಬಳಸುವುದು 7ನೆಯದು, ಎಸ್‌ಪಿಎಸ್‌ಎಸ್‌ನದು 6ನೆಯದು. ನಿಮ್ಮ ಹೆಲ್ಪರ್ ಯಾವುದನ್ನು ಬಳಸಬೇಕೆಂದು ಮೊದಲು ತೀರ್ಮಾನಿಸಿ, ವಿಧದ ಸಂಖ್ಯೆಯನ್ನು ಕೋಡ್‌ನಲ್ಲೇ ಬರೆಯಿರಿ. ರೂಪಾಯಿಗೆ ದುಂಡಾಗಿಸುವ ಹೆಲ್ಪರ್‌ಗೂ ಇದೇ ಗತಿ. ಆರ್‌ನಲ್ಲಿ 22,000.5 ಅನ್ನು ದುಂಡಾಗಿಸಿದರೆ 22,000, 22,001.5 ಅನ್ನು ದುಂಡಾಗಿಸಿದರೆ 22,002. ಅರ್ಧ ಬಂದಾಗ ಸಮಸಂಖ್ಯೆಯ ಕಡೆ ಹೋಗುವುದು ಅದರ ನಿಯಮ. ದಲಾಲರ ಅಂಗಡಿಯ ಲೆಕ್ಕ ಹಾಗೆ ಇರುವುದಿಲ್ಲ, ಅಲ್ವಾ?

ದಶಮಾಂಶದ ವಿಷಯದಲ್ಲಿ ಒಂದು ಮಾತು. 0.1ಕ್ಕೆ 0.2 ಕೂಡಿಸಿ 0.3ಕ್ಕೆ ಸಮವೇ ಎಂದು ಕೇಳಿದರೆ ಆರ್ ಇಲ್ಲ ಅನ್ನುತ್ತದೆ. ಸಂಖ್ಯೆಗಳನ್ನು ಬೈನರಿಯಲ್ಲಿ ಇಡುವ ರೀತಿಯೇ ಹಾಗಿದೆ. ಆದ್ದರಿಂದ ದರ, ಇಳುವರಿ, ಮಳೆ ಇಂಥವಕ್ಕೆ ಪೂರ್ತಿ ಒಂದೇ ಇರಬೇಕೆನ್ನುವ ಐಡೆಂಟಿಕಲ್ ಬೇಡ, ಸ್ವಲ್ಪ ಸಡಿಲಿಕೆ ಇರುವ ಈಕ್ವಲ್ ಬಳಸಿ. ಮೊದಲ ಮೂರು ಸಾಧನದಲ್ಲೂ ಅದರ ಹಿಂದಿರುವ ಸಡಿಲಿಕೆ ಸುಮಾರು 0.000000015, ಅದೂ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ. ಊರ ಹೆಸರು, ಜಿಲ್ಲೆಯ ಹೆಸರಿಗೆ ಮಾತ್ರ ಐಡೆಂಟಿಕಲ್ ಸರಿ. ಉತ್ತರದ ಜೊತೆ ಅಂಟಿಕೊಂಡ ಹೆಸರಿನ ಗುರುತುಗಳಿಂದಲೂ ಟೆಸ್ಟ್ ಸೋಲಬಹುದು. ಅದನ್ನು ಕಡೆಗಣಿಸಲು ಟೈನಿಟೆಸ್ಟ್‌ನಲ್ಲಿ ಎಕ್ಸ್‌ಪೆಕ್ಟ್ ಇಕ್ವಿವಲೆಂಟ್ ಇದೆ, ಟೆಸ್ಟ್‌ದ್ಯಾಟ್‌ನಲ್ಲಿ ಇಗ್ನೋರ್ ಆಟ್ರ್ ಎಂಬ ಆಯ್ಕೆ.

ಯಾದೃಚ್ಛಿಕ ಸಂಖ್ಯೆ ಬಳಸುವ ಹೆಲ್ಪರ್ ಇದ್ದರೆ ಸೀಡ್ (ಪ್ರತಿ ಸಲ ಅದೇ ಸಂಖ್ಯೆಗಳು ಬರುವಂತೆ ಕೊಡುವ ಆರಂಭದ ಸಂಖ್ಯೆ) ಹಾಕಿದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸಾಲದು. 2019ರ ಆರ್ 3.6.0ರಲ್ಲಿ ಸ್ಯಾಂಪಲ್ ಫಂಕ್ಷನ್‌ನ ಒಳಗಿನ ವಿಧಾನವನ್ನೇ ಬದಲಿಸಿದರು. ಅದೇ ಸೀಡ್‌ಗೆ ಬೇರೆ ಉತ್ತರ ಬರತೊಡಗಿತು. ತಾಕುಗಳಿಗೆ ತಳಿಗಳನ್ನು ಚೀಟಿ ಎತ್ತಿದಂತೆ ಹಂಚುವ ಫಂಕ್ಷನ್ ಆದರೆ, ಯಾವ ತಾಕಿಗೆ ಯಾವ ತಳಿ ಎಂದು ಟೆಸ್ಟ್ ಮಾಡುವುದು ಬೇಡ. ಪ್ರತಿ ಬ್ಲಾಕಿನಲ್ಲೂ ಪ್ರತಿ ತಳಿ ಒಂದೇ ಸಲ ಬಂದಿದೆಯಾ ಎಂದು ನೋಡಿ. ಆ ಟೆಸ್ಟ್ ಯಾವ ಆವೃತ್ತಿಯಲ್ಲೂ ನಿಲ್ಲುತ್ತದೆ. 2020ರ 4.0.0ರಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು, ಡೇಟಾ ಫ್ರೇಮಿನ ಪದಗಳ ಕಾಲಂ ತಾನಾಗಿ ಫ್ಯಾಕ್ಟರ್ (ವರ್ಗಗಳಾಗಿ ಇಟ್ಟ ಕಾಲಂ) ಆಗುವುದು ನಿಂತಿತು. ಹಿರಿಯ ವಿದ್ಯಾರ್ಥಿಗಳಿಂದ ಬಂದ ಹಳೆಯ ಹೆಲ್ಪರ್‌ಗಳನ್ನು ಮೊದಲು ಇದಕ್ಕಾಗಿ ಪರೀಕ್ಷಿಸಿ. ಕಾಲಂ ಫ್ಯಾಕ್ಟರ್ ಆಗಿ ಬಂದರೂ, ಪದಗಳಾಗಿ ಬಂದರೂ ಉತ್ತರ ಒಂದೇ ಇರಬೇಕು.

ಖಾಲಿ ಡೇಟಾ ಕೊಟ್ಟು ನೋಡುವುದನ್ನು ಮರೆಯಬೇಡಿ. ಒಂದು ತಿಂಗಳು ಮಾರುಕಟ್ಟೆಯ ದಾಖಲೆಯೇ ಇಲ್ಲದಿದ್ದರೆ ಒಂದರಿಂದ ಉದ್ದದವರೆಗೆ ಎಂದು ಬರೆದ ಲೂಪ್ 1, 0 ಎಂದು ಎರಡು ಸಲ ಓಡುತ್ತದೆ. ಒಂದೇ ಒಂದು ಲಾಟು ಇದ್ದರೆ ಎಸ್‌ಡಿ (ಪ್ರಮಾಣಿತ ವಿಚಲನೆ) ಎನ್ಎ ಬರುತ್ತದೆ. ಎರಡೂ ನಮ್ಮ ಡೇಟಾದಲ್ಲಿ ನಿಜಕ್ಕೂ ಆಗುವಂಥವು.

ಆರ್ ಅಲ್ಲದಿದ್ದರೆ

ಪೈಥಾನ್‌ನಲ್ಲಿ ಇದೇ ಕೆಲಸಕ್ಕೆ ಪೈಟೆಸ್ಟ್ ಇದೆ, ಸಂಖ್ಯೆ ಹೋಲಿಸಲು ಅದರ ಗಣಿತದ ಪ್ಯಾಕೇಜ್ ನಂಪೈನ ಅಸರ್ಟ್ ಆಲ್‌ಕ್ಲೋಸ್. ಅದರಲ್ಲಿ ನಿರೀಕ್ಷಿತ ಉತ್ತರ ಸೊನ್ನೆ ಆಗಿದ್ದರೆ ಸಡಿಲಿಕೆ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅದು ಸಂಖ್ಯೆಯ ಗಾತ್ರಕ್ಕೆ ತಕ್ಕ ಸಡಿಲಿಕೆ, ನೇರ ಸಡಿಲಿಕೆ ಸೊನ್ನೆ. ಮಳೆ ಇಲ್ಲದ ದಿನಗಳ ಲೆಕ್ಕದಲ್ಲಿ ಇದು ಕಾಡುತ್ತದೆ, ನೇರ ಸಡಿಲಿಕೆ ಹೇಳುವ ಎಟಾಲ್ ಎಂಬುದನ್ನು ಕೈಯಾರೆ ಕೊಡಿ. ಇನ್ನೊಂದು ಅಂಕಿಅಂಶ ಸಾಫ್ಟ್‌ವೇರ್ ಸ್ಟೇಟಾ ಬಳಸುವವರಿಗೆ ಅಸರ್ಟ್ ಆಜ್ಞೆಯೂ ರೆಲ್‌ಡಿಫ್ ಫಂಕ್ಷನ್ನೂ ಸಾಕಾಗುತ್ತವೆ.

ಒಂದರಿಂದ ಇನ್ನೊಂದಕ್ಕೆ ಹೋಗುವುದು

ಮೊದಲು ಟೈನಿಟೆಸ್ಟ್ ಆರಿಸಿ, ಪ್ಯಾಕೇಜ್ ಬೆಳೆದ ಮೇಲೆ ಟೆಸ್ಟ್‌ದ್ಯಾಟ್‌ಗೆ ಹೋಗಬೇಕಾದರೆ ದೊಡ್ಡ ಕಷ್ಟ ಇಲ್ಲ. ಎಕ್ಸ್‌ಪೆಕ್ಟ್ ಈಕ್ವಲ್, ಎಕ್ಸ್‌ಪೆಕ್ಟ್ ಟ್ರೂ, ಎಕ್ಸ್‌ಪೆಕ್ಟ್ ಎರರ್ ಎರಡರಲ್ಲೂ ಅದೇ ಹೆಸರು, ಅದೇ ಕ್ರಮ: ಮೊದಲು ಬಂದ ಉತ್ತರ, ಆಮೇಲೆ ಬರಬೇಕಾದ ಉತ್ತರ. ಫೈಲುಗಳನ್ನು ಹೊಸ ಫೋಲ್ಡರಿಗೆ ಸರಿಸಿ, ಸಂಬಂಧಪಟ್ಟ ಸಾಲುಗಳನ್ನು ವಿವರಣೆ ಇರುವ ಬ್ಲಾಕಿನೊಳಗೆ ಹಾಕಿದರೆ ಹೆಚ್ಚಿನ ಕೆಲಸ ಮುಗಿಯಿತು. ಎಷ್ಟು ಕೋಡ್‌ಗೆ ಟೆಸ್ಟ್ ತಲುಪಿದೆ ಎಂದು ಅಳೆಯುವ ಕವರ್ ಪ್ಯಾಕೇಜ್ ಎರಡರ ಜೊತೆಗೂ ನಡೆಯುತ್ತದೆ. ಆರ್‌ಯುನಿಟ್‌ನಿಂದ ಬರುವವರು ಮಾತ್ರ ಕ್ರಮ ನೋಡಿಕೊಳ್ಳಬೇಕು, ಅದರ ಚೆಕ್ ಈಕ್ವಲ್ಸ್‌ನಲ್ಲಿ ಬರಬೇಕಾದ ಉತ್ತರ ಮೊದಲು. ತಿರುಗಿಸದೆ ಬಿಟ್ಟರೂ ಟೆಸ್ಟ್ ಗೆಲ್ಲುವುದು ಸೋಲುವುದು ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದರೆ ಸೋತಾಗ ಬರುವ ಸಂದೇಶ ಉಲ್ಟಾ ಇರುತ್ತದೆ: ನಿಮ್ಮ ಕಾಗದದ ಲೆಕ್ಕವೇ ತಪ್ಪು, ಫಂಕ್ಷನ್ ಸರಿ ಎಂಬಂತೆ ಓದಿಸುತ್ತದೆ.